ಮದುವೆಯ ಸೈಟು

ನವೆಂಬರ್ 3, ಸೋಮವಾರ

ಬೆಳಿಗ್ಗೆ ಎರಡು ಸೆಟ್ ಕೃತಕ ಹಲ್ಲು ಕಟ್ಟಿ ಮುಗಿಸಿದೆ. ಊಟದ ಬಿಡುವಿನಲ್ಲಿ ಲ್ಯಾಬಿನ ಮೂಲೆ ಕಂಪ್ಯೂಟರಿನಲ್ಲಿ ಅಮ್ಮನ ಕೆಲಸ. ಅಕ್ಕ ನೆಟ್ಟಿನಲ್ಲಿ ಹಾಕುವ ಫೋಟೋ ಪೋಸ್ಟು ನೋಡಬೇಕಂತೆ, ಆದರೆ ಅಕೌಂಟು ಬೇಡವಂತೆ.

"ಪಾಸ್‌ವರ್ಡು ಗೀಸ್‌ವರ್ಡು ನನ್ನಿಂದಾಗಲ್ಲ ಕಣೇ. ತೆಗೆದ ಕೂಡ್ಲೇ ಅವಳು ಕಾಣಬೇಕು."

ಅದಕ್ಕೇ ಒಂದು ಟೂಲ್ ಹಾಕಿದೆ. ಗಂಟೆಗೊಮ್ಮೆ ಅಕ್ಕನ ಪೋಸ್ಟುಗಳನ್ನು ತಾನೇ ಎಳೆದು ನಮ್ಮ ಪೇಜಿಗೆ ಸೇರಿಸುತ್ತದೆ. ಹಿಂದೆ ಕೂತು ಸದ್ದಿಲ್ಲದೆ ದುಡಿಯುತ್ತದೆ, ಮನೆಯಲ್ಲಿ ನಾನಿದ್ದ ಹಾಗೆ.

ಹೊಸ ವೆಬ್‌ಸೈಟ್ ಯಾಕೆ... ಅಕ್ಕನ ಮದುವೆಗೆ ಮಾಡಿದ್ದು ಹಾಗೇ ಬಿದ್ದಿತ್ತು. ಹಳೆ ಫೋಟೋ ಎಲ್ಲ ಅಳಿಸಿದೆ. ಭಾವನ ಮುಖ ಅಳಿಸುವಾಗ ಖುಷಿಯಾಯಿತು, ಸುಳ್ಳೇಕೆ.

ನವೆಂಬರ್ 5

ಟೂಲ್ ಓಡುತ್ತಿದೆ. ಇಂದಿನ ಫೋಟೋದಲ್ಲಿ ಅಕ್ಕ, ಬಾಲ್ಕನಿ, ಎರಡು ಕುಂಡ, ಎದುರಿಗೆ ಔಷಧಿ ಅಂಗಡಿಯ ಬೋರ್ಡು. ಅಮ್ಮ ಫೋನಿನ ಪರದೆಯನ್ನೇ ಸವರಿದಳು.

"ಇಳಿದುಹೋಗಿದ್ದಾಳೆ. ಆದ್ರೂ ನಗ್ತಿದ್ದಾಳಲ್ಲ."

ಭಾವನ ಮನೆಯಿಂದ ಅಕ್ಕ ತಪ್ಪಿಸಿಕೊಂಡು ಎಂಟು ತಿಂಗಳು. ಅವನು ಮುರಿದ ಮಣಿಕಟ್ಟು ಈಗ ಕೂಡಿಕೊಂಡಿದೆ. ಎಲ್ಲಿದ್ದಾಳೆಂದು ಗೊತ್ತಿರುವುದು ನನಗೊಬ್ಬಳಿಗೇ; ಅವಳ ಹೊಸ ಅಕೌಂಟಿಗೂ ನನ್ನೊಬ್ಬಳನ್ನೇ ಸೇರಿಸಿಕೊಂಡಿದ್ದಾಳೆ. ಅಮ್ಮನಿಗೂ ಹೇಳಿಲ್ಲ — ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ನವೆಂಬರ್ 14

ಪೇಜನ್ನು ಇಂದು ನಲವತ್ತಮೂರು ಸಲ ತೆರೆದಿದ್ದಾರೆ. ಅಮ್ಮನನ್ನು ರೇಗಿಸಿದೆ. "ಹುಚ್ಚಾ ನಿನಗೆ? ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೋಡ್ತೀನಿ ಅಷ್ಟೇ," ಅಂದಳು.

ಟೂಲ್ ತನ್ನನ್ನೇ ಎಣಿಸಿಕೊಳ್ಳುತ್ತಿರಬೇಕು. ನಾಳೆ ನೋಡಬೇಕು.

ನವೆಂಬರ್ 17, ಬೆಳಿಗ್ಗೆ 10.00

ಆ ಎಣಿಕೆ ನೋಡಲೇ ಇಲ್ಲ. ಈಗ ಅಮ್ಮ ಲ್ಯಾಬಿಗೆ ಫೋನ್ ಮಾಡಿದಳು. ಭಾವ ಅವಳಿಗೆ ಫೋನ್ ಮಾಡಿ ಮಾತಾಡಿದನಂತೆ, ಬೆಣ್ಣೆಯಂಥ ದನಿಯಲ್ಲಿ. "ನಿಮ್ಮ ಮಗಳು ಕುಂಡಕ್ಕೆ ನೀರು ಜಾಸ್ತಿ ಹಾಕ್ತಾಳೆ ಅತ್ತೆ. ಎಲೆ ಹಳದಿಯಾಗಿದೆ."

"ಬದಲಾಗಿದ್ದಾನೇನೋ ಕಣೇ," ಅಂದಳು ಅಮ್ಮ. ಆ ಕುಂಡ ಅವನಿಗೆ ಹೇಗೆ ಕಂಡಿತು?

ಅಕ್ಕ ಫೋನ್ ಎತ್ತುತ್ತಿಲ್ಲ.

10.40

ಸೈಟಿನ ಸೆಟ್ಟಿಂಗ್ಸ್ ಒಂದೊಂದೇ ತೆರೆದೆ. ಸಿಕ್ಕಿತು. ಹೊಸ ಪೋಸ್ಟ್ ಬಂದಾಗಲೆಲ್ಲ, ಮದುವೆಗೆ ಕರೆದಿದ್ದ ಇನ್ನೂರ ಹನ್ನೆರಡು ಜನಕ್ಕೂ ಮೇಲ್ ಹೋಗುತ್ತಿದೆ. ಆಗ ನಾನೇ ಆನ್ ಮಾಡಿದ್ದು. ಪಟ್ಟಿಯಲ್ಲಿ ಮೊದಲನೆಯವನು ಮದುಮಗ. ಪೇಜಿನಲ್ಲಿ ಕಾಣದ ಜಾಗವೂ ಮೇಲಿನಲ್ಲಿ ಫೋಟೋಗಳ ಜೊತೆ ಹೋಗಿದೆ, ಬೀದಿ ಸಮೇತ. ಅಮ್ಮನ ಬಾಯಿಗೆ ಹೆದರಿದವಳು ನಾನು.

ಟೂಲ್ ನಿಲ್ಲಿಸಿದೆ. ಅಕ್ಕ ಇನ್ನೂ ಎತ್ತುತ್ತಿಲ್ಲ.

11.15

ಎತ್ತಿದಳು. ನಾನು ಬಾಯಿ ತೆರೆಯುವ ಮೊದಲೇ, "ಪಾರ್ಸೆಲ್ ಕಳಿಸೋ ಮುಂಚೆ ಹೇಳಬಾರದೇನೆ? ಯಾರೋ ಬಂದು ಬೆಲ್ ಮಾಡ್ತಿದ್ದಾನೆ, ನೀನೇ ಕಳಿಸಿದ್ದು ಅಂತಾನೆ. ಒಂದ್ನಿಮಿಷ ಇರು."

"ನಾನಲ್ಲ ಅಕ್ಕಾ. ಬಾಗಿಲು ತೆಗೀಬೇಡ."

ಲೈನ್ ಕಟ್ ಮಾಡದೆ ಫೋನ್ ಕೆಳಗಿಟ್ಟು ಹೋಗಿಬಿಟ್ಟಿದ್ದಾಳೆ. ಎಷ್ಟು ಕೂಗಿದರೂ ಕೇಳುತ್ತಿಲ್ಲ. ಪಕ್ಕದ ಮೇಜಿನವಳು ತನ್ನ ಫೋನಿನಲ್ಲಿ ಪೊಲೀಸರಿಗೆ ವಿಳಾಸ ಹೇಳುತ್ತಿದ್ದಾಳೆ. ಲೈನ್ ಕಟ್ ಮಾಡಬೇಡಿ, ಕೇಳಿಸಿದ್ದೆಲ್ಲ ಬರೆದಿಡಿ ಅಂದರಂತೆ. ಬರೆಯುತ್ತಿದ್ದೇನೆ. ಚಪ್ಪಲಿಯ ಸದ್ದು. ಚಿಲಕ. "ಎಲ್ಲಿ ಸೈನ್ ಮಾಡ್ಲಿ" ಅಂತ ಅಕ್ಕ ನಗುತ್ತಾ ಕೇಳುತ್ತಿದ್ದಾಳೆ. ನಗು ನಿಂತಿತು. ಈಗ