ಇನ್ನು ಒಂದು ನೂಲೂ ಬೆಳೆಯುವುದಿಲ್ಲ

ಮುದ್ದು ಅಪ್ಪನಿಗೆ,

ಸಿಹಿ ಸುದ್ದಿ ಅಪ್ಪಾ, ನಿನ್ನ ಅಳಿಯ ಇನ್ನು ಒಂದು ನೂಲೂ ಎತ್ತರ ಬೆಳೆಯುವುದಿಲ್ಲವಂತೆ! ಇವರ ಧ್ವನಿ ಕೇಳಿದೊಡನೆ ನೀನು ಫೋನನ್ನು ಅಮ್ಮನ ಕೈಗೆ ಕೊಡುತ್ತೀಯ, ಅದಕ್ಕೇ ಈ ಕಾಗದ.

ಧಾರೆಯಲ್ಲಿ ನನಗಿಂತ ಕುಳ್ಳಗೆ ಕಾಣಬಾರದೆಂದು ಇವರ ಕಾಲಡಿಗೆ ಎರಡು ಮಣೆ ಇಡಿಸಿದೆಯಲ್ಲ, ಆಗ ಶಾಗ್ಯದ ಮಾವ, "ಭಾವ, ಅಳೀಮಯ್ಯಂಗೆ ಏಣಿ ತರ್ಸ್ಬೇಕಾ?" ಎಂದು ನಗಾಡಿದರು. ನೀನು ಮುಖ ತಿರುಗಿಸಿ, "ಇನ್ನೂ ಬೆಳೀತರೆ ಬುಡ್ಲಾ" ಅಂದೆ. ಅದನ್ನೇ ನಂಬಿ ಇವರು ದಿನಾ ಬೆಳಿಗ್ಗೆ ಬಾಗಿಲ ತೊಲೆಗೆ ಜೋತು ಬೀಳುತ್ತಿದ್ದರು, ಇಪ್ಪತ್ತೆಂಟನೇ ವಯಸ್ಸಿನಲ್ಲಿ! ಭುಜ ಉಳುಕಿ ಮೂಳೆ ಡಾಕ್ಟರ ಹತ್ತಿರ ಹೋದೆವು. ಮೂಳೆಯ ತುದಿಯಲ್ಲಿ ಬೆಳೆಯುವ ಮೆತ್ತನೆಯ ಪದರವೊಂದಿದೆಯಂತೆ. ಗಂಡಸರಿಗೆ ಹದಿನೆಂಟರ ಸುಮಾರಿಗೆ ಅದೂ ಗಟ್ಟಿಯಾಗಿಬಿಡುತ್ತದಂತೆ.

ಇವರು ದಾರಿಯುದ್ದಕ್ಕೂ ನಕ್ಕರು. ಮನೆಗೆ ಬಂದವರೇ, "ಮೊದಲ ಹಬ್ಬಕ್ಕೆ ಊರಿಗೆ ನೀನೊಬ್ಬಳೇ ಹೋಗಿ ಬಾ" ಎಂದರು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಹೇಗೋ ಒಪ್ಪಿಸಿದ್ದೇನೆ. ಆರತಿಗೆ ಒಂದೇ ಎತ್ತರದ ಮಣೆಗಳನ್ನು ಇಡಿಸು. ಮದುವೆ ಫೋಟೊಗಳಲ್ಲೆಲ್ಲ ಮಂಡಿ ಬಗ್ಗಿಸಿ ನಿಂತೆ, ಇನ್ನು ನಿಲ್ಲಲಾರೆ. ಅಮ್ಮನನ್ನು ಕಳಿಸಬೇಡ, ಸ್ಟೇಷನ್ನಿಗೆ ನೀನೇ ಬಾ. ಇವರ ಕೈಯಿಂದ ಬ್ಯಾಗು ನೀನೇ ಇಸಿದುಕೋ.

ನಿನ್ನ ಉದ್ದನೆಯ ಮಗಳು,
ಕೋಮಲ

ಭಾನುವಾರ, ಮೈಸೂರಿನಿಂದ ಚಾಮರಾಜನಗರಕ್ಕೆ ಬರುವ ಬೆಳಗಿನ ಪ್ಯಾಸೆಂಜರ್. ಇಬ್ಬರೂ ಇಳಿಯುತ್ತೇವೆ.