ಸೋತ ಮೇಲೂ ಬಂದಿದ್ದ

ತಮ್ಮ ಗಂಗರಾಜುಗೆ, ಐರ್ಲೆಂಡಿನಿಂದ ಅಕ್ಕನ ಆಶೀರ್ವಾದ.

ನಮ್ಮ ಹರ್ಷಿತಾಗೆ ಸಲೀಸಾಗಿ ಹೆರಿಗೆ ಆಯ್ತು ಕಣೋ, ಹೆಣ್ಮಗು. ಈಗ ನನಗೂ ಊಟ ಸೇರ್ತಾ ಇದೆ.

ನಿನ್ನೆ ಪಕ್ಕದ ಮನೆ ಅಜ್ಜಿ ತೀರ್ಕೊಂಡ್ರು ಅಂತ ಅಳಿಯ ಕರ್ಕೊಂಡು ಹೋದ. ಇಲ್ಲಿ ಹೆಣ ನೋಡೋಕೂ ಕ್ಯೂ ನಿಲ್ತಾರೆ! ಒಳಗೆ ಹೆಣ ಇರೋವಾಗ್ಲೇ ಬಂದೋರಿಗೆಲ್ಲ ಟೀ, ಬಿಸ್ಕತ್ತು. ನಾನು ಮುಟ್ಟಲಿಲ್ಲ ಬುಡು.

ನಮ್ಮ ಮುಂದೆ ಒಬ್ಬ ಮುದುಕ ನಿಂತಿದ್ದ. ಇಪ್ಪತ್ತೈದು ವರ್ಷ ಇಲ್ಲಿನ ಪಾರ್ಲಿಮೆಂಟ್ ಮೆಂಬರ್ ಆಗಿದ್ನಂತೆ, ಒಂದು ಸಾವಿನ ಮನೇನೂ ಬಿಟ್ಟೋನಲ್ವಂತೆ, ಹೋದ ಎಲೆಕ್ಷನ್ನಲ್ಲಿ ಸೋತ್ನಂತೆ. "ಮತ್ತೆ ಈಗ್ಯಾಕೆ ಬಂದವ್ನೆ?" ಅಂದೆ. ಅಳಿಯ ಅದನ್ನ ಅವನಿಗೇ ಕೇಳ್ಬಿಟ್ಟ!

ಮುದುಕ ನಕ್ಕ. "ಇಷ್ಟು ವರ್ಷ ಓಟಿಗೆ ಬಂದವ್ನೆ ಅಂತಿದ್ರು. ಇವತ್ತು ಬರೀ ಅಜ್ಜಿಗೋಸ್ಕರ ಬಂದಿದೀನಿ. ಹಾಯಾಗಿದೆ" ಅಂದ.

ಗುಬ್ಬೀಲಿ ಪಂಚಾಯ್ತಿ ಎಲೆಕ್ಷನ್ ಸೋತಾಗಿಂದ ನೀನು ಯಾರ ತಿಥಿಗೂ ಹೋಗ್ತಿಲ್ವಂತೆ. ಮುಂದಿನ ತಿಂಗಳು ಕುಣಿಗಲ್ಲಲ್ಲಿ ಕಾಳಯ್ಯ ಮಾವನ ವರ್ಷದ ತಿಥಿ, ಹೋಗು. ಮಗು ಎದ್ದಿದೆ, ಕಾರ್ಡಲ್ಲಿ ಜಾಗಾನೂ ಇಲ್ಲ. ಮೊದಲಿನ ಹಂಗೆ ಸಾರಿನ ಬಕೀಟು ಹಿಡ್ಕೊಂಡು ಬಡಿಸೋಕೆ ನಿಲ್ಬೇಡ. ಈ ಸಲ ಪಂಕ್ತೀಲಿ ಕೂತು ಉಣ್ಣು.

ನಿನ್ನಕ್ಕ ವನಜಾಕ್ಷಿ