ತೊಗರಿಗೆ ತೆಲುಗಿನಲ್ಲಿ ಏನಂತಾರೆ

ಜನವರಿ 6, ಸೋಮವಾರ

ಬೆಳಿಗ್ಗೆಯಿಂದ ಲಿಂಕ್ಡ್‌ಇನ್‌ನಲ್ಲಿ ತೊಗರಿಬೇಳೆ ಕೊಳ್ಳುವವರನ್ನು ಹುಡುಕಿದೆ. ಮಧ್ಯಾಹ್ನದೊಳಗೆ ಹನ್ನೊಂದು ಹೆಸರು. ಪರವಾಗಿಲ್ಲ ಅಂದುಕೊಂಡೆ. ಪಕ್ಕದ ಟೇಬಲ್‌ನ ಸುನಿತಾ ಚಹಾ ಕುಡಿದು ಬರುವಷ್ಟರಲ್ಲಿ ಅವಳ ಸಾಫ್ಟ್‌ವೇರ್ ತಾನೇ ಇನ್ನೂರು ಹೆಸರು ಹುಡುಕಿ, ಮೆಸೇಜೂ ಕಳಿಸಿಬಿಟ್ಟಿತ್ತು. ಅವಳು ಕೆಲಸಕ್ಕೆ ಬಂದು ಮೂರು ತಿಂಗಳಾಗಿಲ್ಲ!

ಮಿಲ್ಲಿನ ಮಾಲೀಕ ಮಲ್ಲಿನಾಥ ಸಾಹುಕಾರರು ನಿಂತು ನೋಡಿದರು. "ನೋಡ್ರಿ ಕಸ್ತೂರಿ, ಕೆಲಸ ಅಂದ್ರ ಹಿಂಗ ಮಾಡ್ಬೇಕು."

ಶಹಾಪುರದ ಈ ತೊಗರಿಬೇಳೆ ಮಿಲ್ಲಿನಲ್ಲಿ ಹನ್ನೆರಡು ವರ್ಷ ದುಡಿದವಳಿಗೆ ಈ ಮಾತು. ಹೈದರಾಬಾದ್ ಗಿರಾಕಿಗಳನ್ನು ಯಾರ ಕೈಗೆ ಕೊಡುವುದೆಂದು ಸಂಕ್ರಾಂತಿ ಆದ ಮೇಲೆ ಹೇಳುತ್ತಾರಂತೆ. ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚೇ. ಇಲ್ಲಿ ಯಾರಿಗೆ ಸುಳ್ಳು ಹೇಳಲಿ?

ಜನವರಿ 9, ಗುರುವಾರ. ಸಂಜೆ 4

ಸುನಿತಾ ಕುರ್ಚಿ ಎಳೆದುಕೊಂಡು ಬಂದಳು. ದೇವಾಪುರದ ಹುಡುಗಿ, ತೆಲುಗಿನ ಗಂಧಗಾಳಿ ಇಲ್ಲ.

"ಅಕ್ಕಾ, ನಿಮ್ಮ ತವರು ಗುರುಮಠಕಲ್ ಅಲ್ಲೇನ್ರಿ, ತೆಲುಗು ಗಡಿಗಿ? ತೆಲುಗು ಮಂದಿ ತೊಗರಿಬ್ಯಾಳಿಗಿ ಏನಂತಾರ? ಆ ಶಬ್ದ ಹಾಕಿ ಹುಡುಕಿದ್ರ ಹೈದರಾಬಾದ್‌ನವ್ರು ಭಾಳ ಸಿಗ್ತಾರ."

ಕಂದಿಪಪ್ಪು. ನಾಲಿಗೆ ತುದಿಯಲ್ಲೇ ಇತ್ತು.

"ಪೆಸರಪಪ್ಪು ಅಂತಾರ," ಅಂದೆ. ಹೆಸರುಬೇಳೆ!

ಗೂಗಲ್‌ನಲ್ಲಿ ನೋಡುತ್ತಾಳೇನೋ ಅಂತ ಕಾದೆ. ನೋಡಲಿಲ್ಲ. ಅಕ್ಕ ಹೇಳಿದ ಮೇಲೆ ಗೂಗಲ್ ಯಾಕೆ ಅಂದುಕೊಂಡಳೋ ಏನೋ.

ಜನವರಿ 10, ಶುಕ್ರವಾರ

ಹೋಗಿವೆ. ಮುನ್ನೂರ ನಲವತ್ತು ಮೆಸೇಜು. 'ನಮ್ಮಲ್ಲಿ ಉತ್ತಮ ಪೆಸರಪಪ್ಪು ಸಿಗುತ್ತದೆ.' ಎಲ್ಲ ಹೆಸರುಬೇಳೆ ವ್ಯಾಪಾರಿಗಳಿಗೆ. ಮಧ್ಯಾಹ್ನ ಒಂದು ರೊಟ್ಟಿ ಜಾಸ್ತಿ ತಿಂದೆ.

ಜನವರಿ 17, ಶುಕ್ರವಾರ

ಹೈದರಾಬಾದಿನಿಂದ ಸಾಹುಕಾರರಿಗೆ ಫೋನ್. ತೊಗರಿ ಮಿಲ್ಲಿನವರು ಹೆಸರುಬೇಳೆ ಯಾವಾಗಿಂದ ಮಾರುತ್ತಿದ್ದೀರಿ ಅಂತ ನಕ್ಕರಂತೆ. ಸಾಹುಕಾರರು ಎಲ್ಲರ ಮುಂದೆ ಸುನಿತಾಳ ಮೇಲೆ ಕೂಗಾಡಿದರು. "ಯಾರ್ ಹೇಳಿದ್ರು ನಿನಗ ಈ ಶಬ್ದ?"

ಸುನಿತಾ ನನ್ನ ಕಡೆ ತಿರುಗಲೂ ಇಲ್ಲ. "ಯಾರೂ ಇಲ್ರಿ. ನಾನಽ ತಪ್ಪು ತಿಳ್ಕೊಂಡೆ."

ಅವಳಿಗೆ ನಾಳೆಯಿಂದ ಬರಬೇಡ ಅಂದರು. ಹೈದರಾಬಾದ್ ನನಗೆ.

ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ಮೆಲ್ಲಗೆ ಅಂದಳು: "ನೀವು ಮರ್ತಿರ್ತೀರಿ ಬಿಡ್ರಿ ಅಕ್ಕಾ. ತವರು ಬಿಟ್ಟು ಭಾಳ ವರ್ಷ ಆತಲ್ಲ."

ಇಷ್ಟು ಒಳ್ಳೆಯವಳು ಹೇಗೆ... ಅದಕ್ಕೂ ಹೊಟ್ಟೆಕಿಚ್ಚಾಯಿತು ನನಗೆ.

ಜನವರಿ 18, ಶನಿವಾರ. ಬೆಳಿಗ್ಗೆ 9

ಫೋನಿನಲ್ಲಿ ನಾಲ್ಕು ಸಲ ಬರೆದೆ, ನಾಲ್ಕು ಸಲ ಅಳಿಸಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಸುನಿತಾ, ನಾ ಮರ್ತಿದ್ದಿಲ್ಲ. ಅವತ್ತು ನಾ ಬೇಕಂತನಽ—